ಕಲ್ಯಾಣದ ಗಾಯ ಮತ್ತು ಶೂನ್ಯಸಂಪಾದನೆಯ ಮಾರ್ಗ

ಸಮಾಜವೊಂದಕ್ಕೆ ಬಿದ್ದ ಪೆಟ್ಟು ಅದರ ಸಾಹಿತ್ಯದಲ್ಲಿ ಎರಡು ಬಗೆಯಾಗಿ ಉಳಿಯುತ್ತದೆ. ಪೆಟ್ಟು ಕೊಟ್ಟವನನ್ನು ಮರೆಯದ ಛಲವಾಗಿ ಉಳಿಯುವುದು ಒಂದು ಬಗೆ. ಚೆದುರಿದುದನ್ನು ಮತ್ತೆ ಕೂಡಿಸುವ ಸಾಧನೆಯಾಗಿ ಉಳಿಯುವುದು ಇನ್ನೊಂದು ಬಗೆ. ಹನ್ನೆರಡನೆಯ ಶತಮಾನದ ಕಲ್ಯಾಣದ ವಿಪ್ಲವವನ್ನು ಕುರಿತ ವೀರಶೈವ ವಾಙ್ಮಯದಲ್ಲಿ ಇವೆರಡೂ ಇವೆ. ಇವುಗಳ ತಾರತಮ್ಯವನ್ನು ವಿವೇಚಿಸುವುದು ಸಾಹಿತ್ಯದ ವಿದ್ಯಾರ್ಥಿಗೆ ಎಷ್ಟು ಅಗತ್ಯವೋ ಭಕ್ತನಿಗೂ ಅಷ್ಟೇ ಅಗತ್ಯ.

ಮೊದಲನೆಯ ಬಗೆಗೆ ಪುರಾಣಗಳು ಸಾಕ್ಷಿ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ ಅದನ್ನು ಅನುಸರಿಸಿ ಭೀಮಕವಿ 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ಶರಣರ ಕಣ್ಣು ಕೀಳಿಸಿದ ಬಿಜ್ಜಳನು ಜಗದೇವನ ಕೈಯಿಂದ ಹತನಾಗುತ್ತಾನೆ. ಇಲ್ಲಿ ಕೊಲೆಯು ಭಕ್ತಿಯ ನಿಷ್ಠೆಗೆ ಪ್ರಮಾಣವೆನಿಸಿದೆ. ನೊಂದ ಸಮುದಾಯವು ತನ್ನ ಕಥೆಗೆ ನ್ಯಾಯದ ಮುಕ್ತಾಯವನ್ನು ಬಯಸುವುದು ಸಹಜವಾದುದರಿಂದ ಪುರಾಣಕಾರರನ್ನು ಹಳಿಯಬೇಕಾಗಿಲ್ಲ. ಆದರೆ ಆ ಮುಕ್ತಾಯದಿಂದ ಗಾಯ ಮಾಯಿತೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಅರಸನು ಸತ್ತ ಬಳಿಕವೂ ಕಲ್ಯಾಣ ಬರಿದಾಯಿತು. ಶರಣರು ಉಳವಿಯ ದಾರಿ ಹಿಡಿದರು.

ಎರಡನೆಯ ಬಗೆಗೆ ಶೂನ್ಯಸಂಪಾದನೆಯೇ ಶ್ರೇಷ್ಠ ನಿದರ್ಶನ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ, ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿ ವಿಸ್ತರಿಸಿದ ಈ ಕೃತಿಯ ಕೇಂದ್ರದಲ್ಲಿರುವುದು ಅರಮನೆಯಲ್ಲ, ಅನುಭವಮಂಟಪ, ಸಮರವಲ್ಲ, ಸಂವಾದ. ಚೆದುರಿದ ವಚನಗಳನ್ನು ಮಾತಿಗೆ ಮಾತು ಎದುರಾಗುವಂತೆ ಜೋಡಿಸಿ, ಚೆದುರಿದ ಗೋಷ್ಠಿಯನ್ನು ಸಂಕಲನಕಾರರು ಪುನಃ ಕೂಡಿಸಿದರು. ಇದನ್ನು ಕೇವಲ ಸಂಪಾದನಕೌಶಲವೆಂದು ಕರೆಯುವುದು ಅಲ್ಪಮಾತಾದೀತು. ಮೂರು ಶತಮಾನಗಳಷ್ಟು ಹಳೆಯದಾದ ನಷ್ಟಕ್ಕೆ ಒಂದು ಸಮುದಾಯವು ಕೊಟ್ಟ ಉತ್ತರವದು.

ಈ ಕೃತಿಯು ಹಿಂಸೆಯನ್ನು ಮರೆಮಾಚುವುದಿಲ್ಲವೆಂಬುದು ಗಮನಾರ್ಹ. ಸೊನ್ನಲಿಗೆಯಲ್ಲಿ ಅಲ್ಲಮನ ಮಾತಿಗೆ ಕೆರಳಿದ ಒಡ್ಡರು ಅವನ ಮೇಲೆ ಕಲ್ಲು ತೂರುತ್ತಾರೆ. ಸಿದ್ಧರಾಮನು ಹಣೆಗಣ್ಣನ್ನೇ ತೆರೆಯುತ್ತಾನೆ. ಆ ಕೋಪಾಗ್ನಿಯು ಪ್ರಭುವಿನ ಪಾದದಲ್ಲಿ ಅಡಗುತ್ತದೆ. ಗೋರಕ್ಷನ ಪ್ರಸಂಗದಲ್ಲಿ ಖಡ್ಗವು ಅಲ್ಲಮನ ಕಾಯವನ್ನು ಬಯಲನ್ನು ಹಾಯುವಂತೆ ಹಾದುಹೋಗುತ್ತದೆ. ಎರಡೂ ಕಡೆಯಲ್ಲಿ ಎದುರಾಳಿ ಅಳಿಯುವುದಿಲ್ಲ. ಅವನ ಅಹಂಕಾರ ಅಳಿಯುತ್ತದೆ. ಕಲ್ಲು ತೂರಿಸಿಕೊಂಡವನೇ ಸಿದ್ಧರಾಮನನ್ನು ಕಲ್ಯಾಣಕ್ಕೆ ಕರೆದೊಯ್ಯುತ್ತಾನೆ. ಪುರಾಣದ ಜಗದೇವನಿಗಿಂತ ಈ ದಾರಿ ಕಠಿನವಾದುದು.

ಆಧುನಿಕ ನಾಟಕಕಾರರೂ ಈ ವಸ್ತುವಿಗೆ ಮರಳಿದ್ದಾರೆ. ಲಂಕೇಶರ ‘ಸಂಕ್ರಾಂತಿ’ (1971), ಶಿವಪ್ರಕಾಶರ ‘ಮಹಾಚೈತ್ರ’ (1986), ಕಾರ್ನಾಡರ ‘ತಲೆದಂಡ’ (1990) ಇವು ವಿಪ್ಲವವನ್ನು ಸಮಕಾಲೀನ ಪ್ರಶ್ನೆಯಾಗಿ ಕಂಡಿವೆ. ‘ತಲೆದಂಡ’ದ ಜಗದೇವನ ಕೃತ್ಯದಲ್ಲಿ ವಿಜಯವಿಲ್ಲ, ಅದು ಶರಣರ ಬೇಟೆಗೆ ಬಾಗಿಲು ತೆರೆಯುತ್ತದೆ. ಹಿಂಸೆಯ ಸರಪಣಿಯನ್ನು ತೋರಿಸುವಲ್ಲಿ ನಾಟಕ ಸಮರ್ಥವಾಗಿದೆ. ಅದನ್ನು ಕಡಿಯುವ ಬಗೆಗಾಗಿ ಮಾತ್ರ ಓದುಗನು ಮತ್ತೆ ಶೂನ್ಯಸಂಪಾದನೆಗೇ ಬರಬೇಕು.

ಬೀದರ ಸೀಮೆಗೆ ಈ ವಿವೇಚನೆ ಪುಸ್ತಕದ ಮಾತಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಸಾಮೂಹಿಕ ಹತ್ಯೆ ನಡೆಸಿದರು. ಅದೇ ವರ್ಷದ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಬೀದರ, ಗುಲಬರ್ಗಾ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ಘೋರ ಪ್ರತೀಕಾರ ನಡೆಯಿತು. ಕೇಂದ್ರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲ ಸಮಿತಿಯು ಇಡೀ ಸಂಸ್ಥಾನದಲ್ಲಿ ಸತ್ತವರು ಕನಿಷ್ಠ 27,000ದಿಂದ 40,000 ಎಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಗೋರ್ಟಾವನ್ನು ಮಾತ್ರ ನೆನೆಯುವುದಾಗಲಿ, ಸೆಪ್ಟೆಂಬರನ್ನು ಮಾತ್ರ ನೆನೆಯುವುದಾಗಲಿ ಅರ್ಧಸ್ಮರಣೆ. ಅರ್ಧಸ್ಮರಣೆಯು ಹೊಸ ಜಗದೇವರನ್ನು ಸಿದ್ಧಪಡಿಸುತ್ತದೆ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಒಂದೇ ವೃತ್ತಿಯವರಲ್ಲಿ ಬಾಂಧವ್ಯ ಹೆಚ್ಚು ಬಲವಾಗಿತ್ತೆಂದೂ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು, ಕೆಲವೆಡೆ ಪ್ರಾಣವನ್ನೇ ತೆತ್ತು, ಕಾಪಾಡಿದರೆಂದೂ ಅದು ದಾಖಲಿಸಿದೆ. ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗದ ಮುಂದೆ ಕುಳಿತವನು ಮಗ್ಗದ ಮುಂದೆ ಕುಳಿತವನನ್ನು ಗುರುತಿಸಿದನು.

ಭಾಲ್ಕಿಯ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು (1890–1999) ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕವಿರಿಸಿ ಒಳಗೆ ಕನ್ನಡ ಕಲಿಸಿದುದು ಪ್ರಸಿದ್ಧ. ದಬ್ಬಾಳಿಕೆಗೆ ಅವರು ಕೊಟ್ಟ ಉತ್ತರ ಪಾಠಶಾಲೆ. ಬರಿದಾದ ಕಲ್ಯಾಣಕ್ಕೆ ಅವರು ಕೊಟ್ಟ ಉತ್ತರ ಅನುಭವಮಂಟಪದ ನಿರ್ಮಾಣ. ಶೂನ್ಯಸಂಪಾದನಕಾರರು ಗ್ರಂಥದಲ್ಲಿ ಮಾಡಿದುದನ್ನು ಅವರು ನೆಲದ ಮೇಲೆ ಮಾಡಿದರು.

ಕನ್ನಡ, ಮರಾಠಿ, ಉರ್ದು ಮೂರೂ ನಿತ್ಯದ ನುಡಿಗಳಾಗಿರುವ ಈ ಗಡಿಸೀಮೆಯಲ್ಲಿ, ಭಾಲ್ಕಿ ತಾಲ್ಲೂಕಿನ ಸಾಯಗಾಂವದಂಥ ಊರುಗಳಲ್ಲಿ, ಶ್ರಾವಣದ ಪುರಾಣಪ್ರವಚನಕ್ಕೆ ಕೂಡುವವರು ಬಿಜ್ಜಳನ ಅಂತ್ಯವನ್ನಷ್ಟೇ ಕೇಳಿ ಎದ್ದುಹೋಗಬಾರದು. ಪ್ರಭುವಿನ ಮೇಲೆ ಬಿದ್ದ ಕಲ್ಲುಗಳ ಕಥೆಯನ್ನೂ ಕೇಳಬೇಕು. ಕಲ್ಲು ತೂರಿದ ಊರಿನಿಂದಲೇ ಶಿವಯೋಗಿ ಹೊರಟುಬಂದನೆಂಬುದು ನೊಂದವರಿಗೂ ನೋಯಿಸಿದವರಿಗೂ ಸಮಾನವಾದ ಭರವಸೆ.