ಬಣ್ಣದ ವೇಷದ ಬಾಯಲ್ಲಿ ಉಪನಿಷತ್ತು

ಸಂಗೀತ ವಿಮರ್ಶೆ ಬರೆಯುವ ಅರ್ಹತೆ ನನಗಿಲ್ಲ. ಬಿ.ಕಾಂ., ಸಿ.ಎ. ಮಾಡಿದವನು, ಬೇರೆಯವರ ಲೆಕ್ಕ ನೋಡುವುದು ಕಸುಬು. ಡೆತ್ ಮೆಟಲ್ ಎಂಬುದನ್ನು ನಲವತ್ತೈದು ದಾಟುವವರೆಗೆ ಕಿವಿಗೂ ಹಾಕಿಕೊಂಡವನಲ್ಲ. ವರ್ಷಾಂತ್ಯದ ಲೆಕ್ಕ ಮುಗಿಸಿ ಒಂದು ರಾತ್ರಿ ಜುರಾಂಗ್ ಈಸ್ಟ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ, ಆಫೀಸಿನ ತಮಿಳು ಹುಡುಗನೊಬ್ಬ "ಸರ್, ಇವರು ನಮ್ಮ ಸಿಂಗಪುರದವರೇ, ಸಂಸ್ಕೃತವೂ ಇದೆ" ಎಂದು ಇಯರ್‌ಫೋನ್ ಕೊಟ್ಟ.

ತಂಡದ ಹೆಸರು ರುದ್ರ. 1992ರಲ್ಲಿ ಇಲ್ಲಿಯೇ ಹುಟ್ಟಿದ್ದು. ಬಾಸ್ ಗಿಟಾರ್ ನುಡಿಸುತ್ತ ಹಾಡುವವರು ಕಥಿರ್. ತಮ್ಮದು 'ವೇದಿಕ್ ಮೆಟಲ್' ಎನ್ನುತ್ತಾರೆ. ನಾನು ಕೇಳಿದ್ದು 2005ರ 'ಬ್ರಹ್ಮವಿದ್ಯಾ: ಪ್ರೈಮೋರ್ಡಿಯಲ್ ಐ'. ಮೂರು ಆಲ್ಬಮ್‌ಗಳ ಸರಣಿಯಲ್ಲಿ ಇದು ಮೊದಲನೆಯದು. ಉಳಿದೆರಡು 2009 ಮತ್ತು 2011ರಲ್ಲಿ ಬಂದವು. ವಸ್ತು ಉಪನಿಷತ್ತು. ಹಾಡುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ, ನಡುನಡುವೆ ಸಂಸ್ಕೃತ.

ಮೊದಲ ಸಲ ಕೇಳಿದಾಗ ನನಗೆ ಸೇರಿದ್ದು ಆ ಸಂಸ್ಕೃತದ ಭಾಗಗಳು ಮಾತ್ರ. ಉಳಿದದ್ದು ಗದ್ದಲ. ಎರಡೂ ಪಾದಗಳಿಂದ ತುಳಿಯುವ ಡ್ರಮ್ಮು, ಬಿಡುವಿಲ್ಲದೆ ಕೊರೆಯುವ ಗಿಟಾರ್, ಅದರ ಮೇಲೆ ಗಂಟಲಾಳದಿಂದ ಬರುವ ಗುಟುರು. ಶ್ಲೋಕ ಇದೆಯಲ್ಲ ಎಂದು ಪಾಸು ಮಾಡಿಬಿಟ್ಟೆ. ಬಿಲ್ಲಿನ ಮೇಲೆ ಸೀಲು ಕಂಡೊಡನೆ ಟಿಕ್ ಹಾಕುವ ಆಡಿಟರನಂತೆ.

ಅದು ಮೆಚ್ಚುಗೆಯಲ್ಲ ಎಂದು ನನಗೂ ಗೊತ್ತಿತ್ತು. ನಾನು ಉಡುಪಿ ಕಡೆಯ ಮಾಧ್ವರ ಮನೆಯವನು. ಈ ಆಲ್ಬಮ್ಮಿನಲ್ಲಿ 'ಅಹಂ ಬ್ರಹ್ಮಾಸ್ಮಿ' ಎಂಬ ಹಾಡಿದೆ. ಅದು ಬೃಹದಾರಣ್ಯಕದ ಮಾತು, ಶೃಂಗೇರಿ ಪೀಠದ ಮಹಾವಾಕ್ಯ. ಅದಕ್ಕೆ ಅವರು ಹೇಳುವ ಅರ್ಥವನ್ನು ನಮ್ಮವರು ಏಳುನೂರು ವರ್ಷಗಳಿಂದ ಒಪ್ಪಿಲ್ಲ. ಸಿದ್ಧಾಂತಕ್ಕಾಗಿ ನಾನು ಇದನ್ನು ಮೆಚ್ಚುವ ಹಾಗೆಯೇ ಇಲ್ಲ.

ದಾರಿ ತೋರಿಸಿದ್ದು ಅಪ್ಪಯ್ಯನ ಹಳೆಯ ಮಾತು. ಚಿಕ್ಕವನಿದ್ದಾಗ ಮೇಳದ ಆಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ನಡುರಾತ್ರಿ ತೆರೆಯ ಹಿಂದಿನಿಂದ ಬಣ್ಣದ ವೇಷ ಆರ್ಭಟಿಸುತ್ತ ಬಂದರೆ ನಾನು ಅವರ ಪಂಚೆಯೊಳಗೆ ಮುಖ ಹುದುಗಿಸುತ್ತಿದ್ದೆ. "ಹೆದರ್ಬೇಡ ಮಗಾ, ಮುಖ ನೋಡ್ಬೇಡ, ಚೆಂಡೆ ಕೇಳು, ಹೆಜ್ಜೆ ನೋಡು" ಎನ್ನುತ್ತಿದ್ದರು.

ಹಾಗೇ ಮಾಡಿದೆ. ಗುಟುರನ್ನು ಬಿಟ್ಟು ಡ್ರಮ್ಮಿನ ಹಿಂದೆ ಹೋದೆ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಗದ್ದಲ ಬಿಡಿಬಿಡಿಯಾಯಿತು. ಓಟದ ನಡುವೆ ಲಯ ಥಟ್ಟನೆ ಅರ್ಧಕ್ಕೆ ಇಳಿಯುತ್ತದೆ, ಗಿಟಾರುಗಳು ಭಾರವಾಗಿ ಹೆಜ್ಜೆಯಿಡುತ್ತವೆ, ಮತ್ತೆ ಓಟ. ಒಡ್ಡೋಲಗ ನೋಡಿದವರಿಗೆ ಇದು ಹೊಸದಲ್ಲ. ಹೊಸದು ಇನ್ನೊಂದು. ನಮ್ಮಲ್ಲಿ ಆರ್ಭಟ ರಾಕ್ಷಸನದು, ಮಂತ್ರ ಶಾಂತ ಸ್ವರದ್ದು. ಇಲ್ಲಿ ಮಂತ್ರವೇ ಬಣ್ಣದ ವೇಷದ ಬಾಯಲ್ಲಿದೆ. 1987ರಲ್ಲಿ ಫ್ಲಾರಿಡಾದ 'ಡೆತ್' ತಂಡ 'ಸ್ಕ್ರೀಮ್ ಬ್ಲಡಿ ಗೋರ್' ತಂದ ಕಾಲದಲ್ಲಿ ಈ ಗಂಟಲು ಹೆಣ, ನೆತ್ತರುಗಳನ್ನು ಹಾಡುತ್ತಿತ್ತು. ಸಾವಿಗೆಂದು ಹದಗೊಂಡ ಆ ಗಂಟಲನ್ನೇ ರುದ್ರದವರು ಉಪನಿಷತ್ತಿಗೆ ಕೊಟ್ಟರು. ಯೋಚಿಸಿದರೆ ಅಸಂಗತವೇನಲ್ಲ, ಕಠೋಪನಿಷತ್ತಿನಲ್ಲಿ ನಚಿಕೇತನ ಎದುರು ಕೂತವನು ಯಮನೇ ತಾನೇ?

ಕೊರತೆಯನ್ನೂ ಹೇಳಬೇಕು. ಸಾಹಿತ್ಯದ ಹಾಳೆ ಕೈಯಲ್ಲಿಲ್ಲದಿದ್ದರೆ ಒಂದು ವಾಕ್ಯವೂ ತಿಳಿಯದು. ಹಾಡುಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಉಪನಿಷತ್ತು ಪ್ರಶ್ನೋತ್ತರ. ಕೇಳುವವನು ಅನುಮಾನಿಸುತ್ತಾನೆ, ಹೇಳುವವನು ತಡೆಯುತ್ತಾನೆ. ಇಲ್ಲಿ ಉತ್ತರದ ಗರ್ಜನೆಯಲ್ಲಿ ಪ್ರಶ್ನೆಯ ಸಣ್ಣ ದನಿ ಮುಳುಗಿಹೋಗಿದೆ. 'ದಿ ಪಾತ್‌ಲೆಸ್ ಪಾತ್ ಟು ದಿ ನೋವಬಲ್ ಅನ್‌ನೋನ್' ಎಂಬ ಹಾಡಿನ ಹೆಸರಿನಲ್ಲಿರುವಷ್ಟು ಅಳುಕು ಅದರ ಸದ್ದಿನಲ್ಲಿಲ್ಲ.

ಆದರೂ ನಾನು ಇದನ್ನು ಬಿಡಲಿಲ್ಲ. 2021ರ ಮೇ ತಿಂಗಳಲ್ಲಿ ಊರಲ್ಲಿ ಅಪ್ಪಯ್ಯ ತೀರಿಕೊಂಡಾಗ ಹೋಗಲಾಗಲಿಲ್ಲ. ಹದಿಮೂರು ದಿನದ ಮಂತ್ರವನ್ನೆಲ್ಲ ಫೋನಿನಲ್ಲಿ ಕೇಳಿದೆ. ಆ ಶಾಂತ ಸ್ವರ ನನ್ನನ್ನು ಸುಮ್ಮನಿರು ಎನ್ನುತ್ತಿತ್ತು, ಸುಮ್ಮನಿದ್ದೆ. ಇಲ್ಲಿನ ಎಚ್‌ಡಿಬಿ ಫ್ಲ್ಯಾಟಿನಲ್ಲಿ ಗೋಡೆಯಾಚೆ ಚೀನೀ ಅಜ್ಜಿ, ಈಚೆ ಪರೀಕ್ಷೆಗೆ ಓದುವ ಮಗಳು. ದೊಡ್ಡ ದನಿ ತೆಗೆದು ಅಳಲು ಜಾಗವಿಲ್ಲ. ಎರಡೂವರೆ ವರ್ಷದ ನಂತರ ರೈಲಿನಲ್ಲಿ ನಿಂತು ಅದೇ ಭಾಷೆಯ ಮಂತ್ರ ಆರ್ಭಟವಾಗಿ ಕಿವಿಗೆ ಬಿದ್ದಾಗ, ನಾನು ಕೂಗದೆ ಉಳಿಸಿಕೊಂಡದ್ದನ್ನು ಯಾರೋ ಕೂಗಿದಂತಾಯಿತು. ನನ್ನ ನಿಲ್ದಾಣ ದಾಟಿಹೋಯಿತು.

ಹೊಸದಾಗಿ ಕೇಳುವವರಿಗೆ ಒಂದೇ ಸಲಹೆ: ಮೊದಲು ಸಾಹಿತ್ಯ ಓದಿಕೊಂಡು ಕೇಳಿ. ಆಮೇಲೆ ಹಾಳೆ ಮಡಚಿಟ್ಟು ಹೆಜ್ಜೆ ನೋಡಿ.