ಕಾರ್ವರ್ ಮತ್ತು ಕತ್ತರಿ

ಅಮೆರಿಕದ ಕತೆಗಾರ ರೇಮಂಡ್ ಕಾರ್ವರ್ ಹೆಸರೆತ್ತಿದರೆ ಸಾಕು, ‘ಮಿನಿಮಲಿಸ್ಟ್’ (ಅತಿ ಕಡಿಮೆ ಮಾತಿನಲ್ಲಿ ಬರೆಯುವವ) ಎಂಬ ಹಣೆಪಟ್ಟಿಯೂ ಜೊತೆಗೇ ಬರುತ್ತದೆ. ಕಾರ್ವರ್‌ಗೆ ಅದು ಹಿಡಿಸುತ್ತಿರಲಿಲ್ಲ. ಹಿಡಿಸದಿರಲು ಕಾರಣವೂ ಇತ್ತು.

1938ರಲ್ಲಿ ಆರೆಗನ್‌ನ ಕ್ಲಾಟ್ಸ್‌ಕನಿಯಲ್ಲಿ ಹುಟ್ಟಿದವರು ಅವರು. ಅಪ್ಪ ಸಾಮಿಲ್ಲಿನ ಕೆಲಸಗಾರ. ಹತ್ತೊಂಬತ್ತಕ್ಕೆ ಮದುವೆ, ಇಪ್ಪತ್ತಕ್ಕೆಲ್ಲ ಎರಡು ಮಕ್ಕಳು. ಸ್ಯಾಕ್ರಮೆಂಟೊದ ಆಸ್ಪತ್ರೆಯಲ್ಲಿ ರಾತ್ರಿಪಾಳಿ, ನೆಲ ಒರೆಸುವ ಕೆಲಸ. ಕಾದಂಬರಿಗೆ ಬೇಕಾದ ಪುರುಸೊತ್ತು ಅವರಿಗೆ ಸಿಗಲೇ ಇಲ್ಲ. ಕೂತ ಕೂತಲ್ಲೇ ಮುಗಿಸಬಹುದಾದ ಕತೆ, ಕವಿತೆಗಳನ್ನೇ ಬರೆದರು. ನಡುವೆ ಕುಡಿತ ಮನೆಮಠ ಹಾಳುಮಾಡಿತು. 1977ರ ಜೂನ್ 2ರಂದು ಬಿಟ್ಟದ್ದನ್ನು ಮತ್ತೆ ಮುಟ್ಟಲಿಲ್ಲ.

1981ರಲ್ಲಿ ಬಂದ ‘ವಾಟ್ ವಿ ಟಾಕ್ ಅಬೌಟ್ ವೆನ್ ವಿ ಟಾಕ್ ಅಬೌಟ್ ಲವ್’ ಕಥಾಸಂಕಲನ ಅವರಿಗೆ ದೊಡ್ಡ ಹೆಸರು ತಂದಿತು. ಆದರೆ ಸಂಪಾದಕ ಗಾರ್ಡನ್ ಲಿಶ್ ಆ ಹಸ್ತಪ್ರತಿಯ ಅರ್ಧದಷ್ಟನ್ನು ಕತ್ತರಿಸಿ ಹಾಕಿದ್ದರು. ಅಚ್ಚು ನಿಲ್ಲಿಸಿ ಎಂದು ಕಾರ್ವರ್ 1980ರ ಜುಲೈಯಲ್ಲಿ ಅಂಗಲಾಚಿ ಪತ್ರ ಬರೆದರು. ಪುಸ್ತಕ ಬಂದೇ ಬಂತು.

ಲಿಶ್ ಉಳಿಸಿದ ‘ದಿ ಬಾತ್’ ಓದಿ. ಹುಟ್ಟುಹಬ್ಬದ ದಿನವೇ ಹುಡುಗನಿಗೆ ಕಾರು ಬಡಿಯುತ್ತದೆ. ಆಸ್ಪತ್ರೆಗೆ ಓಡಿದ ಅಪ್ಪ ಅಮ್ಮ ಬೇಕರಿಗೆ ಹೇಳಿಟ್ಟ ಕೇಕಿನ ಮಾತೇ ಮರೆತಿದ್ದಾರೆ. ಇದೇನೂ ಗೊತ್ತಿಲ್ಲದ ಬೇಕರಿಯವನು ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡುತ್ತಲೇ ಇರುತ್ತಾನೆ. ಅಂಥದ್ದೊಂದು ಫೋನಿಗೆ ಕತೆ ತಟ್ಟನೆ ನಿಲ್ಲುತ್ತದೆ. ಎದೆ ಧಸಕ್ಕೆನ್ನುತ್ತದೆ, ನಿಜ.

1983ರ ‘ಕೆಥೀಡ್ರಲ್’ ಸಂಕಲನದಲ್ಲಿ ಕಾರ್ವರ್ ಲಿಶ್‌ಗೆ ಮನಬಂದಂತೆ ಕತ್ತರಿ ಆಡಿಸಲು ಬಿಡಲಿಲ್ಲ. ಅದೇ ಕತೆ ‘ಎ ಸ್ಮಾಲ್, ಗುಡ್ ಥಿಂಗ್’ ಆಗಿ ಮೈದುಂಬಿ ಬಂತು. ಇಲ್ಲಿ ಹುಡುಗ ಸಾಯುತ್ತಾನೆ. ಸಿಟ್ಟಿನಿಂದ ಕುದಿಯುತ್ತ ನಡುರಾತ್ರಿ ಬೇಕರಿಗೆ ನುಗ್ಗಿದ ಗಂಡಹೆಂಡಿರನ್ನು ಬೇಕರಿಯವನು ಕೂರಿಸುತ್ತಾನೆ, ಕ್ಷಮೆ ಕೇಳುತ್ತಾನೆ, ಒಲೆಯಿಂದ ಆಗತಾನೆ ತೆಗೆದ ದಾಲ್ಚಿನ್ನಿ ರೋಲು ಬೆಣ್ಣೆಯೊಂದಿಗೆ ಮುಂದಿಡುತ್ತಾನೆ. ಮಕ್ಕಳಿಲ್ಲದೆ ಕಳೆದ ವರ್ಷಗಳ ಮಾತಾಡುತ್ತಾನೆ. ಅವರು ತಿನ್ನುತ್ತಾರೆ, ಬೆಳಗಾಗುವವರೆಗೂ ಕೇಳುತ್ತಾರೆ.

ಲಿಶ್ ಕೈ ಚುರುಕಿನದು, ಒಪ್ಪುತ್ತೇನೆ. ಆದರೆ ನಾನು ಬೇಕರಿಯವನ ಪಕ್ಷ. ಬೆದರಿಕೆಯಂತೆ ಕೇಳಿಸಿದ ದನಿಗೆ ಮುಖ ಕೊಟ್ಟು, ಕೈಗೆ ರೊಟ್ಟಿ ಕೊಟ್ಟದ್ದು ಕಾರ್ವರ್. ಕುಡಿತದ ತಳ ಕಂಡು ಮೇಲೆ ಬಂದವರಿಗೆ ಮಾತ್ರ ಬರುವ ಅಂತಃಕರಣ ಅದು.

ಕಾರ್ವರ್ 1988ರ ಆಗಸ್ಟ್‌ನಲ್ಲಿ, ಐವತ್ತನೇ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಪತ್ನಿ, ಕವಿ ಟೆಸ್ ಗ್ಯಾಲಗರ್ ಪಟ್ಟುಬಿಡದೆ ದುಡಿದದ್ದರಿಂದ, ಕತ್ತರಿ ತಾಗದ ಹಸ್ತಪ್ರತಿ 2009ರಲ್ಲಿ ‘ಬಿಗಿನರ್ಸ್’ ಎಂದು ಬೆಳಕು ಕಂಡಿತು. ಹೊಸದಾಗಿ ಓದಹೊರಟವರು ‘ಕೆಥೀಡ್ರಲ್’ನಿಂದ ಶುರುಮಾಡಿ, ಆಮೇಲೆ 1981ರ ಪುಸ್ತಕವನ್ನೂ ‘ಬಿಗಿನರ್ಸ್’ಅನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ.