ಹಲಸಿನ ಕೊರಡಿನ ಮೇಲೆ ಹೊನ್ನಕ್ಕಿ

ಯಲ್ಲಾಪುರದ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಬೆಳಗಾದರೆ ಕರಿತಲೆ ಹೊನ್ನಕ್ಕಿ ಕೂಗುತ್ತದೆ. ಕೊಳಲಿನಂಥ ದನಿ. ದನಿ ಬಂದತ್ತ ಕತ್ತೆತ್ತಿದರೆ ಹಕ್ಕಿ ಅಲ್ಲಿರುವುದಿಲ್ಲ. ತೋಟದ ಅಂಚಿನ ಹಲಸಿನಿಂದ ಬೆಟ್ಟದ ಮತ್ತಿಮರಕ್ಕೆ ಹಾರುವಾಗ ಹಳದಿಯೊಂದು ಫಳಕ್ಕನೆ ಕಂಡು ಎಲೆಗಳೊಳಗೆ ಮುಳುಗುತ್ತದೆ.

ಅದನ್ನು ನಾನು ಕಣ್ತುಂಬ ನೋಡಿದ್ದು ಒಂದು ಚಿತ್ರದಲ್ಲಿ. ಪಾಟ್ನಾದ ಶೇಖ್ ಜೈನುದ್ದೀನ್ 1778ರಲ್ಲಿ ಕಲ್ಕತ್ತೆಯಲ್ಲಿ ಬರೆದದ್ದು. ಮೂಲ ಈಗ ಅಮೆರಿಕದ ಮಿನಿಯಾಪೊಲಿಸ್‌ ಕಲಾ ಸಂಗ್ರಹಾಲಯದಲ್ಲಿದೆ, ನನ್ನ ಬಳಿ ಇರುವುದು ಅಚ್ಚಿನ ಪ್ರತಿ. ಹಲಸಿನ ಕೊರಡು, ಅದರ ಮೇಲೆ ಹೊನ್ನಕ್ಕಿ, ಜೊತೆಗೊಂದು ಕೀಟ. ಹಿಂದೆ ಕಾಡಿಲ್ಲ, ಆಕಾಶವಿಲ್ಲ, ಬರೀ ಬಿಳಿ ಕಾಗದ. ನಮ್ಮಲ್ಲಿ ಹಸಿರು ಬಚ್ಚಿಡುವ ಹಕ್ಕಿಯನ್ನು ಆ ಬಿಳಿ ಬಿಟ್ಟುಕೊಟ್ಟಿದೆ. ಮಸಿಯಲ್ಲಿ ಅದ್ದಿ ತೆಗೆದಂಥ ತಲೆ, ಕೆಂಪು ಕೊಕ್ಕು. ಕಪ್ಪು ಮುಗಿದು ಹಳದಿ ಶುರುವಾಗುವ ಕತ್ತಿನ ಗೆರೆಯಲ್ಲಿ ನನ್ನ ಕಣ್ಣು ಪ್ರತಿ ಸಲವೂ ನಿಂತುಬಿಡುತ್ತದೆ.

ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆಯ ಹೆಂಡತಿ ಮೇರಿ ತನ್ನ ತೋಟದಲ್ಲಿ ಹಕ್ಕಿ, ಪ್ರಾಣಿಗಳನ್ನು ಸಾಕಿದ್ದಳು. ಅವನ್ನು ಎದುರಿಗಿಟ್ಟುಕೊಂಡು ಬರೆಯಲು ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಎಂಬ ಮೂವರನ್ನು ನೇಮಿಸಿದಳು. 1777ರಿಂದ 1782ರ ನಡುವೆ 300ಕ್ಕೂ ಹೆಚ್ಚು ಚಿತ್ರಗಳಾದವು. ಕಾಗದ ಇಂಗ್ಲೆಂಡಿನ ವಾಟ್ಮನ್, ಕೈ ಮೊಘಲ್ ಕಸುಬಿನದು. ಗರಿಯನ್ನು ಒಂದೊಂದೇ ಎಳೆಯಾಗಿ ಎಳೆಯುವ ಆ ತಾಳ್ಮೆಗೆ ಶಾಸ್ತ್ರದ ಅಳತೆಯೂ ಕೂಡಿಕೊಂಡಿತು. ಆದರೂ ನನಗೆ ಇದು ಶಾಸ್ತ್ರಕ್ಕಿಂತ ಮೊದಲು ಅಕ್ಕರೆಯ ಕೆಲಸವಾಗಿ ಕಾಣುತ್ತದೆ.

ಸಿದ್ದಾಪುರದ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಗುರಿಗೆ ಬೀಜದ ಹಳದಿ, ಪುಂಡಿನಾರಿನ ಕುಂಚ. ಅಲ್ಲಿ ನಾಲ್ಕು ಗೆರೆ ಸೇರಿದರೆ ಹಕ್ಕಿ. ಯಾವ ಹಕ್ಕಿಯೆಂದು ಯಾರೂ ಕೇಳುವುದಿಲ್ಲ, ಮದುವೆಮನೆಯ ಗೋಡೆಗೆ ಅದು ಬೇಕಾಗಿಯೂ ಇಲ್ಲ. ಜೈನುದ್ದೀನನದು ಇದೇ ಹಕ್ಕಿ, ಅವತ್ತು ಎದುರಿಗಿದ್ದದ್ದು. ಎರಡೂ ನನಗೆ ಬೇಕು.

ಒಂದು ಮಾತು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತದೆ. ಹಿಮಾಲಯದ ಮೋನಾಲ್‌ಗೆ ಇಂಪೆಯ ಹೆಸರು ಬಂತು. ಶಿರಸಿಯ ಅಂಗಳದ ದಾಸವಾಳಕ್ಕೆ ಉದ್ದ ಕೊಕ್ಕು ಚಾಚುವ ಸೂರಕ್ಕಿಯೊಂದಕ್ಕೆ, ಸಿಲೋನಿನಲ್ಲಿ ಡಚ್ಚರ ಗವರ್ನರ್ ಆಗಿದ್ದ ಲೊಟೆನ್‌ನ ಹೆಸರಿದೆ. ಲಿನೇಯಸ್ 1766ರಲ್ಲಿ ಇಟ್ಟದ್ದು. ಲೊಟೆನ್‌ಗಾಗಿ ಅಲ್ಲಿನ ಹಕ್ಕಿಗಳನ್ನು ಬರೆದವನು ಡಿ ಬೆವೆರೆ. ಬರೆಸಿದವರ ಹೆಸರು ಹಕ್ಕಿಯ ಜೊತೆ ಹಾರಿತು, ಬರೆದವರದು ಕಾಗದದ ಅಂಚಿನಲ್ಲೇ ಉಳಿಯಿತು. ಜೈನುದ್ದೀನನ ಹೆಸರು ಹಾಳೆಯ ಮೇಲಾದರೂ ಇದೆಯಲ್ಲ ಎಂಬುದೇ ಸಮಾಧಾನ.

ಹಪ್ಪಳಕ್ಕೆ ಹಲಸಿನ ಸೊಳೆ ಬಿಡಿಸುತ್ತಿದ್ದ ದೊಡ್ಡಾಯಿಗೆ ಈ ಪ್ರತಿ ತೋರಿಸಿದೆ. ಕೈಗೆ ಮೇಣ ಅಂಟಿದ್ದರಿಂದ ಮುಟ್ಟದೆ, ಬಗ್ಗಿ ನೋಡಿದಳು. ಹಕ್ಕಿಗಿಂತ ಮೊದಲು ಕಂಡದ್ದು ಕೊರಡು.

“ಇದು ಹಲಸಿನ ಮರ ಅಲ್ದನಾ ತಮಾ?” ಎಂದಳು. ಆಮೇಲೆ ಹಕ್ಕಿಯನ್ನು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದಳು.